ಧೋಂಡೊ ಕೇಶವ ಕರ್ವೆ

ಧೋಂಡೊ ಕೇಶವ ಕರ್ವೆ (18 ಏಪ್ರಿಲ್ 1858 – 9 ನವೆಂಬರ್ 1962) ಭಾರತದ ಸಮಾಜ ಸುಧಾರಕರು, ಗಣಿತದ ಅಧ್ಯಾಪಕರು ಹಾಗೂ ಸ್ತ್ರೀಶಿಕ್ಷಣದ ಪ್ರವರ್ತಕರಲ್ಲಿ ಪ್ರಮುಖರು. ವಿಧವೆಯರಿಗಾಗಿ ಪುಣೆಯಲ್ಲಿ ಅವರು ತೆರೆದ ಪುಟ್ಟ ಆಶ್ರಮವು ಕ್ರಮೇಣ ಬಾಲಿಕೆಯರ ಶಾಲೆಯಾಗಿ, ಮಹಿಳಾ ಕಾಲೇಜಾಗಿ, ಕೊನೆಗೆ 1916ರಲ್ಲಿ ಭಾರತದ ಮೊದಲ ಮಹಿಳಾ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಆ ಸಂಸ್ಥೆ ಇಂದು ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸಿ ಮಹಿಳಾ ವಿಶ್ವವಿದ್ಯಾಲಯ (ಎಸ್.ಎನ್.ಡಿ.ಟಿ.) ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಜನರು ಅವರನ್ನು ಪ್ರೀತಿಯಿಂದ ಅಣ್ಣಾ ಕರ್ವೆ ಎಂದೂ ಗೌರವದಿಂದ ಮಹರ್ಷಿ ಕರ್ವೆ ಎಂದೂ ಕರೆಯುತ್ತಿದ್ದರು. ಭಾರತ ಸರ್ಕಾರವು 1958ರಲ್ಲಿ, ಅವರ ಜನ್ಮಶತಾಬ್ದಿಯ ವರ್ಷದಲ್ಲಿ, ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಜನನ ಮತ್ತು ಬಾಲ್ಯ

ಕರ್ವೆಯವರು ಕೊಂಕಣದ ರತ್ನಾಗಿರಿ ಜಿಲ್ಲೆಯ ಶೇರವಲಿ ಎಂಬ ಹಳ್ಳಿಯಲ್ಲಿ ಚಿತ್ಪಾವನ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಕೇಶವಪಂತ, ತಾಯಿ ಲಕ್ಷ್ಮೀಬಾಯಿ. ಕುಟುಂಬದ ಮೂಲ ಊರು ಅದೇ ಜಿಲ್ಲೆಯ ದಾಪೋಲಿ ತಾಲ್ಲೂಕಿನ ಸಮುದ್ರತೀರದ ಮುರುಡ. ಒಂದು ಕಾಲದಲ್ಲಿ ಸ್ಥಿತಿವಂತವಾಗಿದ್ದ ಮನೆತನ ಕರ್ವೆಯವರು ಹುಟ್ಟುವ ವೇಳೆಗೆ ಬಡತನಕ್ಕೆ ಇಳಿದಿತ್ತು. ತಂದೆ ಅನ್ಯರ ಜಮೀನಿನ ಲೆಕ್ಕಪತ್ರ ನೋಡಿಕೊಳ್ಳುವ ಅಲ್ಪ ಸಂಬಳದ ಕೆಲಸದಲ್ಲಿದ್ದರು. ಬಡತನದಲ್ಲಿಯೂ ಮಾನ ಬಿಡದೆ ಬದುಕಬೇಕೆಂಬ ಪಾಠವನ್ನು ಮಕ್ಕಳು ಮನೆಯಲ್ಲಿಯೇ ಕಲಿತರು.

ಮುರುಡದ ಶಾಲೆಯಲ್ಲಿ ಸೋಮಣ ಗುರುಗಳ ಪ್ರಭಾವ ಬಾಲಕ ಧೋಂಡೊನ ಮೇಲೆ ಗಾಢವಾಗಿ ಬಿದ್ದಿತು. ಆ ಗುರುಗಳು ಪಾಠ ಹೇಳುವುದರ ಜೊತೆಗೆ ಊರಿನ ಸಾರ್ವಜನಿಕ ಕೆಲಸಗಳಲ್ಲಿಯೂ ಮುಂದಾಗಿದ್ದರು. ಶಿಷ್ಯನಿಂದ ಊರಿನ ಜನರಿಗೆ ವೃತ್ತಪತ್ರಿಕೆಗಳನ್ನು ಓದಿಸುತ್ತಿದ್ದರು. ಊರಿಗಾಗಿ ದುಡಿಯುವುದು ವಿದ್ಯಾವಂತನ ಕರ್ತವ್ಯವೆಂಬ ಭಾವನೆ ಕರ್ವೆಯವರಲ್ಲಿ ಬೇರೂರಿದ್ದು ಈ ದಿನಗಳಲ್ಲಿಯೇ.

ಅಂದಿನ ಪದ್ಧತಿಯಂತೆ ಎಳೆಯ ವಯಸ್ಸಿನಲ್ಲಿಯೇ ಅವರಿಗೆ ರಾಧಾಬಾಯಿಯೊಂದಿಗೆ ವಿವಾಹವಾಯಿತು. ಆಗ ವರನಿಗೆ ಹದಿನೈದರ ಆಸುಪಾಸು. ವಧು ಇನ್ನೂ ಆಟವಾಡುವ ಬಾಲಕಿ.

ಸತಾರಾದ ಪರೀಕ್ಷೆ

1875ರಲ್ಲಿ ಮಾತೃಭಾಷಾ ಶಾಲೆಯ ಆರನೆಯ ತರಗತಿಯ ಸರ್ಕಾರಿ ಪರೀಕ್ಷೆಗೆ ಕುಳಿತುಕೊಳ್ಳಲು ಕರ್ವೆಯವರು ಕೆಲವು ಗೆಳೆಯರೊಡನೆ ಮುರುಡದಿಂದ ಸತಾರಾಕ್ಕೆ ಹೊರಟರು. ಮಳೆಗಾಲವಾದುದರಿಂದ ಸಮುದ್ರಮಾರ್ಗದ ಪ್ರಯಾಣ ಸಾಧ್ಯವಿರಲಿಲ್ಲ. ನೂರು ಮೈಲಿಗೂ ಮಿಕ್ಕಿದ ದಾರಿಯನ್ನು, ಸಹ್ಯಾದ್ರಿಯ ಘಟ್ಟವನ್ನು ಹತ್ತಿ ಇಳಿದು, ಸುರಿಯುವ ಮಳೆಯಲ್ಲಿ ಕಾಲ್ನಡಿಗೆಯಲ್ಲಿಯೇ ಕ್ರಮಿಸಿದರು. ಆದರೆ ಪರೀಕ್ಷಾ ಸಮಿತಿಯ ಅಧಿಕಾರಿಗೆ ಈ ಸಣಕಲು ಹುಡುಗನಿಗೆ ಹದಿನೇಳು ವರ್ಷ ತುಂಬಿದೆಯೆಂದು ನಂಬಿಕೆ ಬರಲಿಲ್ಲ. ವಯಸ್ಸಿನ ಪ್ರಮಾಣಪತ್ರ ಕೈಯಲ್ಲಿದ್ದರೂ ಪರೀಕ್ಷೆಗೆ ಪ್ರವೇಶ ದೊರೆಯಲಿಲ್ಲ. ಬಂದ ದಾರಿಯಲ್ಲಿಯೇ ಮರಳಿದ ಕರ್ವೆಯವರು ಮುಂದೆ ಕೊಲ್ಹಾಪುರದಲ್ಲಿ ಅದೇ ಪರೀಕ್ಷೆಗೆ ಕುಳಿತು ತೇರ್ಗಡೆಯಾದರು.

ಉನ್ನತ ವ್ಯಾಸಂಗ ಮತ್ತು ಮುಂಬಯಿಯ ದಿನಗಳು

ಇಂಗ್ಲಿಷ್ ಶಿಕ್ಷಣವನ್ನು ತಡವಾಗಿ ಆರಂಭಿಸಿದ ಕಾರಣ ಮೆಟ್ರಿಕ್ಯುಲೇಷನ್ ಮುಗಿಸುವಾಗ (1881) ಅವರಿಗೆ ಇಪ್ಪತ್ತಮೂರು ವರ್ಷ. ಬಳಿಕ ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿಯೂ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿಯೂ ಓದಿ 1884ರಲ್ಲಿ ಗಣಿತವನ್ನು ವಿಷಯವಾಗಿ ಆರಿಸಿಕೊಂಡು ಬಿ.ಎ. ಪದವಿ ಪಡೆದರು. ವ್ಯಾಸಂಗದ ಕಾಲದಲ್ಲಿ ಮನೆಪಾಠ ಹೇಳಿಯೇ ಖರ್ಚು ನಿಭಾಯಿಸಿದರು.

ಪದವಿಯ ನಂತರ ಮುಂಬಯಿಯ ಹಲವು ಶಾಲೆಗಳಲ್ಲಿ ಗಣಿತ ಬೋಧಿಸಿದರು. ಇವುಗಳಲ್ಲಿ ಬಾಲಿಕೆಯರ ಪ್ರೌಢಶಾಲೆಗಳೂ ಇದ್ದವು. ಹೆಣ್ಣುಮಕ್ಕಳು ಗಣಿತವನ್ನು ಹುಡುಗರಷ್ಟೇ ಸಮರ್ಥವಾಗಿ ಕಲಿಯುವುದನ್ನು ಅವರು ಇಲ್ಲಿ ಪ್ರತ್ಯಕ್ಷವಾಗಿ ಕಂಡರು. ಹುಟ್ಟೂರನ್ನೂ ಅವರು ಮರೆಯಲಿಲ್ಲ. ಪರಊರುಗಳಲ್ಲಿ ದುಡಿಯುತ್ತಿದ್ದ ಮುರುಡದವರಿಂದ ಹಣ ಕೂಡಿಸುವ ಮುರುಡ ನಿಧಿಯನ್ನು ಆರಂಭಿಸಿ, ಅದರ ಮೂಲಕ ಊರಿನಲ್ಲಿ ಇಂಗ್ಲಿಷ್ ಶಾಲೆ ತೆರೆಯಲು ನೆರವಾದರು.

1891ರಲ್ಲಿ ರಾಧಾಬಾಯಿ ತೀರಿಕೊಂಡರು. ಅವರ ಮಗ ರಘುನಾಥ ಆಗ ಇನ್ನೂ ಬಾಲಕ.

ಫರ್ಗ್ಯುಸನ್ ಕಾಲೇಜು

ಅದೇ ವರ್ಷ ಗೋಪಾಲಕೃಷ್ಣ ಗೋಖಲೆಯವರಿಂದ ಕರೆ ಬಂದಿತು. ಬಾಲಗಂಗಾಧರ ತಿಲಕರು ಡೆಕ್ಕನ್ ಎಜುಕೇಷನ್ ಸೊಸೈಟಿಯನ್ನು ತೊರೆದುದರಿಂದ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರ ಅಗತ್ಯವಿತ್ತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಕರ್ವೆಯವರ ಸಹಪಾಠಿಯಾಗಿದ್ದ ಗೋಖಲೆಯವರು ಅವರ ಹೆಸರನ್ನು ಸೂಚಿಸಿದರು. ಮುಂಬಯಿಯ ಹೆಚ್ಚಿನ ವರಮಾನವನ್ನು ಬಿಟ್ಟು ಕರ್ವೆಯವರು ಪುಣೆಗೆ ಬಂದರು. 1892ರಲ್ಲಿ ಸೊಸೈಟಿಯ ಆಜೀವ ಸದಸ್ಯರಾದರು. ಆಜೀವ ಸದಸ್ಯರು ಅಲ್ಪ ವೇತನಕ್ಕೆ ಇಪ್ಪತ್ತು ವರ್ಷ ಸೇವೆ ಸಲ್ಲಿಸುವ ವಾಗ್ದಾನ ಮಾಡಬೇಕಿತ್ತು. ಅವರು 1914ರವರೆಗೆ ಅಲ್ಲಿ ಗಣಿತ ಬೋಧಿಸಿದರು.

ಅಂದಿನ ಸಾಮಾಜಿಕ ಸ್ಥಿತಿ

ಹತ್ತೊಂಬತ್ತನೆಯ ಶತಮಾನದ ಮೇಲ್ಜಾತಿಯ ಹಿಂದೂ ಸಮಾಜದಲ್ಲಿ ಬಾಲ್ಯವಿವಾಹವು ಸಾಮಾನ್ಯವಾಗಿತ್ತು. ಗಂಡನ ಮುಖವನ್ನೂ ಸರಿಯಾಗಿ ನೋಡದ ಬಾಲಕಿಯರು ವಿಧವೆಯರಾಗಿ, ಕೇಶಮುಂಡನಕ್ಕೆ ಒಳಗಾಗಿ, ಮನೆಯ ಮೂಲೆಯಲ್ಲಿ ಚಾಕರಿ ಮಾಡುತ್ತ ಆಯುಷ್ಯ ಕಳೆಯುತ್ತಿದ್ದರು. ಶುಭಕಾರ್ಯಗಳಲ್ಲಿ ಅವರ ಮುಖದರ್ಶನವೇ ಅಪಶಕುನ. 1856ರ ಕಾಯಿದೆಯು ವಿಧವಾ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಿದ್ದರೂ ಹಾಗೆ ಮದುವೆಯಾದವರಿಗೆ ಜಾತಿಬಹಿಷ್ಕಾರ ಕಟ್ಟಿಟ್ಟದ್ದಾಗಿತ್ತು.

ಪುಣೆಯಲ್ಲಿ ಜೋತಿರಾವ್ ಫುಲೆ ಮತ್ತು ಸಾವಿತ್ರೀಬಾಯಿ ಫುಲೆ ದಂಪತಿಗಳು 1848ರಲ್ಲಿಯೇ ಬಾಲಿಕೆಯರ ಶಾಲೆ ತೆರೆದಿದ್ದರು. ಕರ್ವೆಯವರು ಹುಟ್ಟಿದ ವರ್ಷವೇ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ಸ್ಥಾಪಿಸಿ, ಮರುವರ್ಷ ಅದನ್ನು ಪುಣೆಗೆ ತಂದರು. ಕರ್ವೆಯವರ ಕಾರ್ಯಕ್ಕೆ ಈ ಎಲ್ಲ ಪ್ರಯತ್ನಗಳು ಹಿನ್ನೆಲೆಯಾಗಿದ್ದವು.

ಪುನರ್ವಿವಾಹ ಮತ್ತು ಬಹಿಷ್ಕಾರ

ಪತ್ನಿ ತೀರಿಕೊಂಡ ಬಳಿಕ ಬಂಧುಗಳು ಮತ್ತೊಮ್ಮೆ ಎಳೆಯ ಕನ್ಯೆಯೊಬ್ಬಳನ್ನು ಮದುವೆಯಾಗುವಂತೆ ಒತ್ತಾಯಿಸಿದರು. ಮೂವತ್ತು ದಾಟಿದ ವಿಧುರನೊಬ್ಬ ಹತ್ತು ಹನ್ನೆರಡು ವರ್ಷದ ಬಾಲಕಿಯನ್ನು ವರಿಸುವುದು ಅಂದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಕರ್ವೆಯವರು ಅದಕ್ಕೆ ಒಪ್ಪಲಿಲ್ಲ. ಮದುವೆಯಾದರೆ ವಿಧವೆಯನ್ನೇ ಆಗುವುದಾಗಿ ನಿರ್ಧರಿಸಿದರು. ಅವರ ಗೆಳೆಯ ನರಹರಪಂತ ಜೋಶಿಯವರ ತಂಗಿ ಗೋದೂಬಾಯಿ ಎಳವೆಯಲ್ಲಿಯೇ ವಿಧವೆಯಾಗಿದ್ದರು. ಶಾರದಾ ಸದನಕ್ಕೆ ಸೇರಿದ ಮೊದಲ ವಿಧವೆ ಅವರೇ. 1893ರ ಮಾರ್ಚ್ 11ರಂದು ಪುಣೆಯಲ್ಲಿ ಇಬ್ಬರ ವಿವಾಹ ನೆರವೇರಿತು. ವಿವಾಹಾನಂತರ ಗೋದೂಬಾಯಿ ಆನಂದೀಬಾಯಿಯಾದರು. ಮುಂದೆ ಬಾಯಾ ಕರ್ವೆ ಎಂಬ ಹೆಸರಿನಿಂದ ಪರಿಚಿತರಾದರು.

ವಿವಾಹದ ಸುದ್ದಿಯಿಂದ ಮುರುಡದಲ್ಲಿ ಕೋಲಾಹಲವೆದ್ದಿತು. ಊರಿನ ಬ್ರಾಹ್ಮಣರು ಸಭೆ ಸೇರಿ ಕರ್ವೆ ದಂಪತಿಗಳಿಗೆ ಬಹಿಷ್ಕಾರ ಹಾಕಿದರು. ಅವರನ್ನು ಮನೆಯೊಳಗೆ ಸೇರಿಸಿದರೆ ತಾಯಿ ಮತ್ತು ಅಣ್ಣನ ಕುಟುಂಬವೂ ಜಾತಿಯಿಂದ ಹೊರಗಾಗಬೇಕಿತ್ತು. ಮಗನ ಮೇಲೆ ಅಪಾರ ಪ್ರೀತಿಯಿದ್ದ ತಾಯಿ ಸಂಪ್ರದಾಯಕ್ಕೂ ಮಗನಿಗೂ ನಡುವೆ ಸಿಲುಕಿ ನೊಂದರು. ಊರಿನ ಶಾಲೆಗಾಗಿ ನಿಧಿ ಕೂಡಿಸಿದ ವ್ಯಕ್ತಿಗೆ ಅದೇ ಊರಿನಲ್ಲಿ ಸ್ವಂತ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಕರ್ವೆಯವರು ಯಾರ ಮೇಲೂ ಕಹಿಯನ್ನಿಟ್ಟುಕೊಳ್ಳದೆ ಇದನ್ನು ಸಹಿಸಿದರು.

ಅದೇ ವರ್ಷದ ಡಿಸೆಂಬರ್ 31ರಂದು ಅವರು ವಿಧವಾ ವಿವಾಹೋತ್ತೇಜಕ ಮಂಡಳಿಯನ್ನು ಸ್ಥಾಪಿಸಿದರು. ಮುಂದೆ 1895ರಲ್ಲಿ ಅದಕ್ಕೆ ವಿಧವಾ ವಿವಾಹ ಪ್ರತಿಬಂಧ ನಿವಾರಕ ಮಂಡಳಿ ಎಂದು ಹೆಸರು ಬದಲಾಯಿತು. ಪುನರ್ವಿವಾಹಿತ ಕುಟುಂಬಗಳು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಪರಸ್ಪರ ಧೈರ್ಯ ತುಂಬುವ ವ್ಯವಸ್ಥೆಯನ್ನು ಈ ಮಂಡಳಿ ಮಾಡಿತು.

ಅನಾಥ ಬಾಲಿಕಾಶ್ರಮ

ಪುನರ್ವಿವಾಹದ ಪ್ರಚಾರದಿಂದ ಕೆಲವೇ ಕೆಲವು ಕುಟುಂಬಗಳಿಗೆ ಪ್ರಯೋಜನವಾಗುತ್ತಿತ್ತು. ಬಹುಸಂಖ್ಯೆಯ ವಿಧವೆಯರಿಗೆ ಬೇಕಾದುದು ವಿದ್ಯೆ ಮತ್ತು ಸ್ವಂತ ಕಾಲಿನ ಮೇಲೆ ನಿಲ್ಲುವ ಶಕ್ತಿ ಎಂಬ ತೀರ್ಮಾನಕ್ಕೆ ಕರ್ವೆಯವರು ಬಂದರು. 1893ರಲ್ಲಿ ಶಾರದಾ ಸದನದಲ್ಲಿ ಮತಾಂತರದ ವಿಷಯವಾಗಿ ವಿವಾದವೆದ್ದು ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ್ ಮೊದಲಾದವರು ಅದರ ಸಲಹಾ ಸಮಿತಿಯಿಂದ ಹೊರಬಂದಿದ್ದರು. ಹಿಂದೂ ಕುಟುಂಬಗಳು ಸಂಕೋಚವಿಲ್ಲದೆ ತಮ್ಮ ಮನೆಯ ವಿಧವೆಯರನ್ನು ಕಳುಹಿಸಬಹುದಾದ ಮತ್ತೊಂದು ಸಂಸ್ಥೆಯ ಅಗತ್ಯ ಎದ್ದುಕಾಣುತ್ತಿತ್ತು.

1896ರ ಜೂನ್ 14ರಂದು ಅನಾಥ ಬಾಲಿಕಾಶ್ರಮ ಮಂಡಳಿಯು ಸ್ಥಾಪನೆಯಾಯಿತು. ಭಂಡಾರಕರರು ಅಧ್ಯಕ್ಷರಾದರು. ಕರ್ವೆಯವರು ಅದುವರೆಗೆ ಉಳಿಸಿದ್ದ ಒಂದು ಸಾವಿರ ರೂಪಾಯಿಯನ್ನು ಮೊದಲ ದೇಣಿಗೆಯಾಗಿ ಕೊಟ್ಟರು. ಕಾಲೇಜಿಗೆ ರಜೆ ಬಂದಾಗಲೆಲ್ಲ ಊರೂರು ತಿರುಗಿ ಚಂದಾ ಎತ್ತಿದರು. ಅರ್ಧ ರೂಪಾಯಿ ಕೊಟ್ಟವರ ಹೆಸರೂ ಅವರ ಲೆಕ್ಕಪತ್ರದಲ್ಲಿ ಸರಿಯಾಗಿ ದಾಖಲಾಗುತ್ತಿತ್ತು. ಗಣಿತದ ಅಧ್ಯಾಪಕರ ಈ ಶಿಸ್ತಿನಿಂದಾಗಿ ವಿರೋಧಿಗಳೂ ಅವರ ಪ್ರಾಮಾಣಿಕತೆಯನ್ನು ಶಂಕಿಸಲಿಲ್ಲ.

ಪುಣೆ ನಗರದ ಬಾಡಿಗೆ ಮನೆಯಲ್ಲಿ ಆಶ್ರಮದ ಕೆಲಸ ಆರಂಭವಾಯಿತು. ಆ ವರ್ಷಗಳಲ್ಲಿ ಪುಣೆಯನ್ನು ಪ್ಲೇಗ್ ಪದೇ ಪದೇ ಕಾಡುತ್ತಿದ್ದುದರಿಂದ ಊರ ಹೊರಗೆ ಸ್ಥಳ ಹುಡುಕುವುದು ಅನಿವಾರ್ಯವಾಯಿತು. ರಾವ್ ಬಹಾದ್ದೂರ್ ಗಣೇಶ ಗೋವಿಂದ ಗೋಖಲೆಯವರು ಪುಣೆಯಿಂದ ಸುಮಾರು ನಾಲ್ಕು ಮೈಲಿ ದೂರದ ಹಿಂಗಣೆ ಎಂಬ ಹಳ್ಳಿಯ ಬಳಿ ಆರು ಎಕರೆ ಭೂಮಿಯನ್ನೂ ಕಟ್ಟಡಕ್ಕಾಗಿ 750 ರೂಪಾಯಿಯನ್ನೂ ದಾನ ಮಾಡಿದರು. ಅಲ್ಲಿ ಒಂದು ಗುಡಿಸಲನ್ನು ಕಟ್ಟಿಸಿ 1900ರಲ್ಲಿ ಆಶ್ರಮವನ್ನು ಸ್ಥಳಾಂತರಿಸಲಾಯಿತು.

ಹಿಂಗಣೆಗೆ ಆಗ ಸರಿಯಾದ ರಸ್ತೆಯೂ ಇರಲಿಲ್ಲ. ಕರ್ವೆಯವರು ದಿನವಿಡೀ ಕಾಲೇಜಿನಲ್ಲಿ ಪಾಠ ಮಾಡಿ, ಸಂಜೆ ಆಶ್ರಮಕ್ಕೆ ಬೇಕಾದ ಸಾಮಾನುಗಳನ್ನು ಹೊತ್ತು, ಮಳೆಗಾಲದ ಕೆಸರಿನಲ್ಲಿಯೂ ನಡೆದೇ ಹಿಂಗಣೆಗೆ ಹೋಗುತ್ತಿದ್ದರು. ರಾತ್ರಿ ಆಶ್ರಮದ ವಿದ್ಯಾರ್ಥಿನಿಯರಿಗೆ ಪಾಠ ಹೇಳಿ ಬೆಳಿಗ್ಗೆ ನಗರಕ್ಕೆ ಮರಳುತ್ತಿದ್ದರು.

ಈ ಶ್ರಮದ ಭಾರ ಕುಟುಂಬದ ಮೇಲೂ ಬಿದ್ದಿತು. ಗಳಿಕೆಯ ಬಹುಭಾಗ ಆಶ್ರಮಕ್ಕೆ ಹೋಗುತ್ತಿತ್ತು. ಆನಂದೀಬಾಯಿಯವರು ಮಕ್ಕಳ ಪಾಲನೆಯನ್ನೂ ಮನೆಯ ಖರ್ಚನ್ನೂ ಬಹುಮಟ್ಟಿಗೆ ಒಬ್ಬರೇ ನಿಭಾಯಿಸಬೇಕಾಯಿತು. ಪುನರ್ವಿವಾಹಿತೆ ಎಂಬ ಕಾರಣಕ್ಕೆ ಸಂಪ್ರದಾಯಸ್ಥರ ಕಣ್ಣಿಗೆ ಬೀಳುವ ಅವರು ಆಶ್ರಮದ ಆರಂಭದ ವರ್ಷಗಳಲ್ಲಿ ಅದರಿಂದ ದೂರವೇ ಉಳಿಯಬೇಕಾದ ಪರಿಸ್ಥಿತಿಯೂ ಇತ್ತು. ಈ ನೋವನ್ನೂ ಅಸಮಾಧಾನವನ್ನೂ ಅವರು ಮುಂದೆ ತಮ್ಮ ಮರಾಠಿ ಆತ್ಮಕಥನ ಮಾಝೆ ಪುರಾಣದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಆಶ್ರಮ ಮತ್ತು ಪುನರ್ವಿವಾಹದ ಪ್ರಶ್ನೆ

ವಿಧವೆಯೊಬ್ಬರನ್ನು ಮದುವೆಯಾದ ವ್ಯಕ್ತಿ ನಡೆಸುವ ಆಶ್ರಮವು ಪುನರ್ವಿವಾಹಕ್ಕೆ ವಧುಗಳನ್ನು ಒದಗಿಸುವ ಕೇಂದ್ರವಾಗುವುದೆಂಬ ಭಯ ಸಂಪ್ರದಾಯಸ್ಥರಲ್ಲಿತ್ತು. ಈ ಭಯವನ್ನು ನಿವಾರಿಸದೆ ಹೆಣ್ಣುಮಕ್ಕಳು ಆಶ್ರಮಕ್ಕೆ ಬರುವಂತಿರಲಿಲ್ಲ. ಹೀಗಾಗಿ ಆಶ್ರಮದ ಉದ್ದೇಶ ಶಿಕ್ಷಣ ಮಾತ್ರವೆಂದು ಕರ್ವೆಯವರು ಸ್ಪಷ್ಟಪಡಿಸಿದರು. ತಾವೇ ಸ್ಥಾಪಿಸಿದ ವಿವಾಹ ಮಂಡಳಿಯ ಕಾರ್ಯದರ್ಶಿ ಸ್ಥಾನವನ್ನೂ 1900ರಲ್ಲಿ ಬಿಟ್ಟರು.

ಇದರಿಂದ ಸುಧಾರಕರಲ್ಲಿ ಹಲವರಿಗೆ ಬೇಸರವಾಯಿತು. ಕರ್ವೆಯವರು ಹಿಂದೆ ಸರಿದರೆಂದು ಅವರು ಭಾವಿಸಿದರು. ಆಶ್ರಮದಲ್ಲಿ ಆರಂಭಕಾಲದಲ್ಲಿ ಮೇಲ್ಜಾತಿಯ ವಿಧವೆಯರಿಗೆ ಮಾತ್ರ ಪ್ರವೇಶವಿದ್ದುದೂ ಟೀಕೆಗೆ ಗುರಿಯಾಯಿತು. ಒಂದು ಕಡೆ ಸಂಪ್ರದಾಯಸ್ಥರ ಸಂಶಯ, ಇನ್ನೊಂದು ಕಡೆ ಸುಧಾರಕರ ಅಸಮಾಧಾನ, ಇವೆರಡರ ನಡುವೆ ಆಶ್ರಮವನ್ನು ಉಳಿಸಿ ಬೆಳೆಸುವುದೇ ಅವರ ಮುಖ್ಯ ಗುರಿಯಾಗಿತ್ತು. ವಿದ್ಯೆ ದೊರೆತ ಹೆಣ್ಣು ತನ್ನ ಬದುಕಿನ ದಾರಿಯನ್ನು ತಾನೇ ಆರಿಸಿಕೊಳ್ಳಬಲ್ಲಳು ಎಂಬುದು ಅವರ ನಂಬಿಕೆಯಾಗಿತ್ತು.

ಪಾರ್ವತೀಬಾಯಿ ಆಠವಲೆ

ಆಶ್ರಮದ ಬೆಳವಣಿಗೆಯಲ್ಲಿ ಆನಂದೀಬಾಯಿಯವರ ತಂಗಿ ಪಾರ್ವತೀಬಾಯಿ ಆಠವಲೆಯವರ ಪಾತ್ರ ದೊಡ್ಡದು. ತಾರುಣ್ಯದಲ್ಲಿಯೇ ವಿಧವೆಯಾದ ಅವರು ಪುಟ್ಟ ಮಗನೊಡನೆ ಅಕ್ಕನ ಮನೆಗೆ ಬಂದು, ವಯಸ್ಕರಾದ ಮೇಲೆ ಅಕ್ಷರ ಕಲಿತು, ಆಶ್ರಮದ ಮೇಲ್ವಿಚಾರಕಿಯಾದರು. ಪುನರ್ವಿವಾಹವನ್ನು ಅವರು ಬಯಸಲಿಲ್ಲ; ಆಶ್ರಮವೇ ಅವರ ಮನೆಯಾಯಿತು. ಊರೂರಿಗೆ ಹೋಗಿ ಭಾಷಣ ಮಾಡಿ ನಿಧಿ ಸಂಗ್ರಹಿಸಿದರು. ಇಂಗ್ಲಿಷ್ ಕಲಿಯಲೆಂದೂ ಸಂಸ್ಥೆಗೆ ಹಣ ಕೂಡಿಸಲೆಂದೂ 1918ರಲ್ಲಿ ಒಬ್ಬರೇ ಅಮೆರಿಕಕ್ಕೆ ಹೊರಟರು. ಅಲ್ಲಿ ಮನೆಗೆಲಸ ಮಾಡಿಯೂ ಜೀವನ ಸಾಗಿಸಿದರು. ಅವರ ಆತ್ಮಕಥೆ ಇಂಗ್ಲಿಷಿಗೂ ಅನುವಾದಗೊಂಡಿದೆ.

ಮಹಿಳಾ ವಿದ್ಯಾಲಯ ಮತ್ತು ನಿಷ್ಕಾಮ ಕರ್ಮ ಮಠ

ಆಶ್ರಮದಲ್ಲಿ ಕಲಿತ ವಿಧವೆಯರ ಪ್ರಗತಿಯನ್ನು ಕಂಡು, ಅವಿವಾಹಿತ ಬಾಲಿಕೆಯರಿಗೂ ಇಂತಹ ಶಿಕ್ಷಣ ದೊರೆಯಬೇಕೆಂಬ ಬೇಡಿಕೆ ಬಂದಿತು. ಬಾಲಿಕೆಯರು ಶಾಲೆಯಲ್ಲಿ ಉಳಿದಷ್ಟು ಕಾಲ ಅವರ ಮದುವೆಯೂ ಮುಂದೆ ಹೋಗುವುದೆಂಬ ವಿಚಾರವೂ ಇದರ ಹಿಂದಿತ್ತು. 1907ರ ಮಾರ್ಚ್ 4ರಂದು ಕರ್ವೆಯವರು ಪುಣೆಯಲ್ಲಿ ಮಹಿಳಾ ವಿದ್ಯಾಲಯವನ್ನು ತೆರೆದರು. ಕೆಲವು ವರ್ಷಗಳ ನಂತರ ಅದು ಹಿಂಗಣೆಗೆ ಸ್ಥಳಾಂತರಗೊಂಡಿತು.

ಸಂಸ್ಥೆಗಳು ಬೆಳೆದಂತೆ ಸಂಬಳದ ಆಸೆಯಿಲ್ಲದೆ ದುಡಿಯುವ ಕಾರ್ಯಕರ್ತರ ಅಗತ್ಯ ಹೆಚ್ಚಿತು. ಇಂಥವರನ್ನು ಸಿದ್ಧಗೊಳಿಸಲು 1908ರ ನವೆಂಬರಿನಲ್ಲಿ ನಿಷ್ಕಾಮ ಕರ್ಮ ಮಠವನ್ನು ಸ್ಥಾಪಿಸಿದರು. ಆಶ್ರಮ, ವಿದ್ಯಾಲಯ ಮತ್ತು ಮಠ ಈ ಮೂರೂ ಮುಂದೆ ಒಂದೇ ಆಡಳಿತದಡಿ ಒಂದಾದವು.

ಮಹಿಳಾ ವಿಶ್ವವಿದ್ಯಾಲಯದ ಕಲ್ಪನೆ

1915ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆಯಲಿದ್ದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿನ ಅಧ್ಯಕ್ಷರನ್ನಾಗಿ ಕರ್ವೆಯವರನ್ನು ಆರಿಸಲಾಯಿತು. ಅದಕ್ಕೆ ಕೆಲವು ತಿಂಗಳ ಹಿಂದೆ ಕಾಶಿಯ ಬಾಬು ಶಿವಪ್ರಸಾದ ಗುಪ್ತರು ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ಬಗೆಗಿನ ಕಿರುಪುಸ್ತಿಕೆಯೊಂದನ್ನು ಅವರಿಗೆ ಕಳುಹಿಸಿದ್ದರು. ಕೆಲಸದ ಒತ್ತಡದಲ್ಲಿ ಕರ್ವೆಯವರು ಅದನ್ನು ಬದಿಗಿಟ್ಟಿದ್ದರು. ಅಧ್ಯಕ್ಷ ಭಾಷಣವನ್ನು ಸಿದ್ಧಪಡಿಸುವಾಗ ಅದನ್ನು ಮತ್ತೆ ತೆಗೆದು ಓದಿದರು. ನರುಸೆ ಜಿನ್ಜೊ ಅವರು 1901ರಲ್ಲಿ ಟೋಕಿಯೋದಲ್ಲಿ ಸ್ಥಾಪಿಸಿದ್ದ ಆ ಸಂಸ್ಥೆ ಮಾತೃಭಾಷೆಯಲ್ಲಿಯೇ ಸ್ತ್ರೀಯರಿಗೆ ಉನ್ನತ ಶಿಕ್ಷಣ ನೀಡುತ್ತಿತ್ತು.

ಭಾರತದ ವಿಶ್ವವಿದ್ಯಾಲಯಗಳಲ್ಲಿ ಆಗ ಸ್ತ್ರೀಯರ ಸಂಖ್ಯೆ ಅತ್ಯಲ್ಪ. ಶಿಕ್ಷಣವೆಲ್ಲ ಇಂಗ್ಲಿಷಿನಲ್ಲಿದ್ದುದು, ಪಠ್ಯಕ್ರಮವು ಸರ್ಕಾರಿ ನೌಕರಿಗೆ ಹೊಂದುವಂತೆ ಇದ್ದುದು, ಮದುವೆಯ ವಯಸ್ಸು ಎಳೆಯದಿದ್ದುದು ಇದಕ್ಕೆ ಕಾರಣಗಳು. ಪರಭಾಷೆಯನ್ನು ಕಲಿಯಲೆಂದೇ ವ್ಯಯವಾಗುವ ವರ್ಷಗಳನ್ನು ಉಳಿಸಿದರೆ ಹೆಚ್ಚು ಹೆಣ್ಣುಮಕ್ಕಳು ಉನ್ನತ ಶಿಕ್ಷಣವನ್ನು ತಲುಪಬಲ್ಲರು ಎಂದು ಕರ್ವೆಯವರು ಪರಿಷತ್ತಿನಲ್ಲಿ ಪ್ರತಿಪಾದಿಸಿದರು. ಮಾತೃಭಾಷೆ ಬೋಧನಾ ಮಾಧ್ಯಮವಾಗಿ, ಇಂಗ್ಲಿಷ್ ಒಂದು ಕಡ್ಡಾಯ ವಿಷಯವಾಗಿ, ಆರೋಗ್ಯಶಾಸ್ತ್ರ, ಗೃಹಶಾಸ್ತ್ರಗಳಿಗೆ ಸ್ಥಾನವಿರುವ ಸ್ವತಂತ್ರ ವಿಶ್ವವಿದ್ಯಾಲಯವನ್ನು ಅವರು ಸೂಚಿಸಿದರು.

ಈ ಯೋಜನೆಯ ಬಗ್ಗೆ ಭಿನ್ನಾಭಿಪ್ರಾಯಗಳಿದ್ದವು. ಸ್ತ್ರೀಯರಿಗೆಂದೇ ಬೇರೆ ಪಠ್ಯಕ್ರಮ ರೂಪಿಸಿದರೆ ಅವರ ಪದವಿಗೆ ಪುರುಷರ ಪದವಿಯ ಬೆಲೆ ಬರಲಾರದು ಎಂಬುದು ಒಂದು ಆಕ್ಷೇಪ. ಸರ್ಕಾರದ ಮನ್ನಣೆಯಿಲ್ಲದ ಪದವಿಯಿಂದ ಉದ್ಯೋಗ ದೊರೆಯದು ಎಂಬುದು ಇನ್ನೊಂದು. ಮಹಾತ್ಮಾ ಗಾಂಧಿಯವರು ಮಾತೃಭಾಷೆಯ ಮಾಧ್ಯಮವನ್ನು ಮೆಚ್ಚಿದರೂ ಇಂಗ್ಲಿಷನ್ನು ಕಡ್ಡಾಯಗೊಳಿಸುವುದನ್ನು ಒಪ್ಪಲಿಲ್ಲ. ಆನಿ ಬೆಸೆಂಟ್ ಅವರು ಯೋಜನೆಗೆ ಬೆಂಬಲ ನೀಡಿದರು.

ವಿಶ್ವವಿದ್ಯಾಲಯದ ಸ್ಥಾಪನೆ

ಸರ್ಕಾರದ ಅನುಮತಿಗಾಗಿ ಕಾಯದೆ ಕರ್ವೆಯವರು ಕೆಲಸಕ್ಕೆ ತೊಡಗಿದರು. ಅವರಿಗಾಗ ಐವತ್ತೆಂಟು ವರ್ಷ. ದೇಶದ ನಾನಾ ಭಾಗಗಳಲ್ಲಿ ಸಂಚರಿಸಿ ವಾರ್ಷಿಕ ಚಂದಾದಾರರನ್ನು ಕೂಡಿಸಿದರು. ವರ್ಷಕ್ಕೆ ಕೆಲವೇ ರೂಪಾಯಿ ಚಂದಾ ಕೊಟ್ಟವರಿಗೂ ಸೆನೆಟ್ ಸದಸ್ಯರನ್ನು ಆರಿಸುವ ಹಕ್ಕಿತ್ತು. 1916ರ ಜೂನ್ 3ರಂದು ಸೆನೆಟ್ಟಿನ ಮೊದಲ ಸಭೆ ಪುಣೆಯಲ್ಲಿ ಸೇರಿತು. ಭಾರತೀಯ ಮಹಿಳಾ ವಿಶ್ವವಿದ್ಯಾಲಯವು ಅಸ್ತಿತ್ವಕ್ಕೆ ಬಂದಿತು. ಭಂಡಾರಕರರು ಮೊದಲ ಕುಲಪತಿಗಳಾದರು. ಕರ್ವೆಯವರ ಬಂಧು ರಘುನಾಥ ಪುರುಷೋತ್ತಮ ಪರಾಂಜಪೆಯವರು ಮೊದಲ ಉಪಕುಲಪತಿಗಳಾದರು. ಕೇಂಬ್ರಿಡ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದು ಸೀನಿಯರ್ ರ‍್ಯಾಂಗ್ಲರ್ ಎನಿಸಿದ ಮೊದಲ ಭಾರತೀಯರು ಅವರು.

ಅದೇ ವರ್ಷದ ಜುಲೈನಲ್ಲಿ ಹಿಂಗಣೆಯಲ್ಲಿ ವಿಶ್ವವಿದ್ಯಾಲಯದ ಮೊದಲ ಕಾಲೇಜಾದ ಮಹಿಳಾ ಪಾಠಶಾಲೆ ಬೆರಳೆಣಿಕೆಯ ವಿದ್ಯಾರ್ಥಿನಿಯರೊಂದಿಗೆ ಆರಂಭವಾಯಿತು. ಪದವಿ ಪಡೆದವರಿಗೆ ಗೃಹೀತಾಗಮಾ ಎಂಬ ಸಂಸ್ಕೃತ ಬಿರುದನ್ನು ನೀಡಲಾಗುತ್ತಿತ್ತು. ಆರಂಭದ ವರ್ಷಗಳಲ್ಲಿ ವಿದ್ಯಾರ್ಥಿನಿಯರ ಕೊರತೆ ಮತ್ತು ಹಣದ ಕೊರತೆ ಎರಡೂ ಕಾಡಿದವು. ಮನ್ನಣೆಯಿಲ್ಲದ ಪದವಿಗಾಗಿ ಮಗಳನ್ನು ಕಳುಹಿಸಲು ಹೆತ್ತವರು ಹಿಂಜರಿಯುತ್ತಿದ್ದರು. ಆಶ್ರಮದಲ್ಲಿಯೂ ವಿದ್ಯಾಲಯದಲ್ಲಿಯೂ ಕಲಿತ ಹೆಣ್ಣುಮಕ್ಕಳೇ ಮುಂದೆ ಶಿಕ್ಷಕಿಯರಾಗಿ ಹೊಸ ಶಾಲೆಗಳಿಗೆ ಆಧಾರವಾದರು.

ಠಾಕರ್ಸಿ ದತ್ತಿ

ಮುಂಬಯಿಯ ಉದ್ಯಮಿ ಸರ್ ವಿಠ್ಠಲದಾಸ ಠಾಕರ್ಸಿಯವರು ವಿಶ್ವಪ್ರವಾಸದ ವೇಳೆ ಜಪಾನಿನ ಮಹಿಳಾ ವಿಶ್ವವಿದ್ಯಾಲಯವನ್ನು ಕಂಡು ಪ್ರಭಾವಿತರಾದರು. ಮರಳಿ ಬಂದ ಬಳಿಕ 1920ರಲ್ಲಿ ಕರ್ವೆಯವರ ವಿಶ್ವವಿದ್ಯಾಲಯಕ್ಕೆ ತಮ್ಮ ತಾಯಿಯ ಸ್ಮರಣಾರ್ಥ 15 ಲಕ್ಷ ರೂಪಾಯಿಗಳ ದತ್ತಿಯನ್ನು ಘೋಷಿಸಿದರು. ಇದರಿಂದ ಸಂಸ್ಥೆಗೆ ವರ್ಷಕ್ಕೆ 52,500 ರೂಪಾಯಿ ಬಡ್ಡಿಯ ವರಮಾನ ಒದಗುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಶ್ರೀಮತಿ ನಾಥೀಬಾಯಿ ದಾಮೋದರ ಠಾಕರ್ಸಿ ಅವರ ಹೆಸರನ್ನಿಡಲಾಯಿತು. ಕೇಂದ್ರ ಕಚೇರಿಯನ್ನು ಮುಂದೆ ಮುಂಬಯಿಗೆ ಸ್ಥಳಾಂತರಿಸಬೇಕೆಂಬುದು ದಾನಿಗಳ ಅಪೇಕ್ಷೆಯಾಗಿತ್ತು.

1922ರಲ್ಲಿ ವಿಠ್ಠಲದಾಸರು ಅಕಾಲದಲ್ಲಿ ನಿಧನರಾದರು. ಕೆಲವು ವರ್ಷಗಳ ಬಳಿಕ ದತ್ತಿಯ ಷರತ್ತುಗಳ ವಿಷಯದಲ್ಲಿ ಭಿನ್ನಾಭಿಪ್ರಾಯ ತಲೆದೋರಿ 1930ರ ದಶಕದ ಆರಂಭದಲ್ಲಿ ಹಣ ಬರುವುದು ನಿಂತುಹೋಯಿತು. ಎಪ್ಪತ್ತು ದಾಟಿದ ಕರ್ವೆಯವರು ಮತ್ತೆ ಜೋಳಿಗೆ ಹಿಡಿದು ಹೊರಟರು. ಕೊನೆಗೆ ಎರಡೂ ಕಡೆಯವರು ಒಪ್ಪಂದಕ್ಕೆ ಬಂದು, 1936ರಲ್ಲಿ ವಿಶ್ವವಿದ್ಯಾಲಯದ ಕೇಂದ್ರ ಕಚೇರಿಯು ಮುಂಬಯಿಗೆ ಸ್ಥಳಾಂತರಗೊಂಡಿತು.

ವಿದೇಶ ಪ್ರವಾಸಗಳು

1929ರ ಮಾರ್ಚಿನಲ್ಲಿ, ಎಪ್ಪತ್ತೊಂದನೆಯ ವಯಸ್ಸಿನ ಹೊಸ್ತಿಲಲ್ಲಿ, ಕರ್ವೆಯವರು ವಿದೇಶ ಪ್ರವಾಸ ಕೈಗೊಂಡರು. ಇಂಗ್ಲೆಂಡಿನಲ್ಲಿ ಭಾರತದ ಸ್ತ್ರೀಶಿಕ್ಷಣದ ಬಗ್ಗೆ ಉಪನ್ಯಾಸ ನೀಡಿದರು. ಜಿನೀವಾದ ಶಿಕ್ಷಣ ಸಮ್ಮೇಳನದಲ್ಲಿಯೂ ಡೆನ್ಮಾರ್ಕಿನ ಎಲ್ಸಿನೋರಿನಲ್ಲಿ ನಡೆದ ನವಶಿಕ್ಷಣ ಸಮ್ಮೇಳನದಲ್ಲಿಯೂ ಭಾಗವಹಿಸಿದರು. ಬರ್ಲಿನ್‌ನಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರನ್ನು ಭೇಟಿಯಾದರು. ಅಮೆರಿಕದ ಮೂಲಕ ಜಪಾನಿಗೆ ಹೋಗಿ, ತಮಗೆ ಸ್ಫೂರ್ತಿಯಾದ ಟೋಕಿಯೋದ ಮಹಿಳಾ ವಿಶ್ವವಿದ್ಯಾಲಯವನ್ನು ಕಂಡು 1930ರ ಏಪ್ರಿಲಿನಲ್ಲಿ ಸ್ವದೇಶಕ್ಕೆ ಮರಳಿದರು. ಅದೇ ವರ್ಷದ ಕೊನೆಯಲ್ಲಿ ಆಫ್ರಿಕಾಕ್ಕೆ ತೆರಳಿ ಕೀನ್ಯಾ, ಉಗಾಂಡಾ, ಟಾಂಗಾನಿಕಾ, ಜಾಂಜಿಬಾರ್, ದಕ್ಷಿಣ ಆಫ್ರಿಕಾ ಮೊದಲಾದೆಡೆ ನೆಲಸಿದ್ದ ಭಾರತೀಯರಿಂದ ದೇಣಿಗೆ ಸಂಗ್ರಹಿಸಿದರು.

ಶಾಸನಬದ್ಧ ಮನ್ನಣೆ

ಮೂರು ದಶಕಗಳಿಗೂ ಮಿಕ್ಕಿ ವಿಶ್ವವಿದ್ಯಾಲಯವು ಸರ್ಕಾರದ ಮನ್ನಣೆಯಿಲ್ಲದೆಯೇ ನಡೆಯಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಮುಂಬಯಿ ಸರ್ಕಾರವು ಇದಕ್ಕಾಗಿ ಕಾಯಿದೆಯನ್ನು ರೂಪಿಸಿತು. 1951ರಲ್ಲಿ ವಿಶ್ವವಿದ್ಯಾಲಯಕ್ಕೆ ಶಾಸನಬದ್ಧ ಸ್ಥಾನ ದೊರೆಯಿತು. ವಿಠ್ಠಲದಾಸರ ಪತ್ನಿ ಪ್ರೇಮಲೀಲಾ ಠಾಕರ್ಸಿಯವರು ಆ ನಂತರದ ಮೊದಲ ಉಪಕುಲಪತಿಗಳಾದರು. ತಮ್ಮ ಸಂಸ್ಥೆಯ ಪದವಿಗೆ ಇತರ ವಿಶ್ವವಿದ್ಯಾಲಯಗಳ ಪದವಿಯಷ್ಟೇ ಬೆಲೆ ಬಂದುದನ್ನು ಕಾಣುವ ಭಾಗ್ಯ ತೊಂಬತ್ತು ದಾಟಿದ ಕರ್ವೆಯವರದಾಯಿತು. ಇಂದು ಈ ವಿಶ್ವವಿದ್ಯಾಲಯವು ಮುಂಬಯಿ ಮತ್ತು ಪುಣೆಗಳಲ್ಲಿ ಆವರಣಗಳನ್ನು ಹೊಂದಿದ್ದು, ಹಲವಾರು ಕಾಲೇಜುಗಳು ಇದರೊಂದಿಗೆ ಸಂಯೋಜನೆಗೊಂಡಿವೆ.

ಇಳಿವಯಸ್ಸಿನ ಕಾರ್ಯಗಳು

ವಿಶ್ವವಿದ್ಯಾಲಯದ ಹೊಣೆ ಇತರರಿಗೆ ಹೋದ ಮೇಲೆ ಕರ್ವೆಯವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. 1936ರಲ್ಲಿ ಶಾಲೆಗಳಿಲ್ಲದ ಹಳ್ಳಿಗಳಲ್ಲಿ ಅಕ್ಷರ ಹರಡುವುದಕ್ಕಾಗಿ ಮಹಾರಾಷ್ಟ್ರ ಗ್ರಾಮ ಪ್ರಾಥಮಿಕ ಶಿಕ್ಷಣ ಮಂಡಳಿಯನ್ನು ಸ್ಥಾಪಿಸಿದರು. ತಮ್ಮ ಅಲ್ಪ ನಿವೃತ್ತಿವೇತನದಲ್ಲಿ ಒಂದು ಪಾಲನ್ನು ಅದಕ್ಕೆ ಕೊಟ್ಟು, ಪುಣೆಯ ಬೀದಿಗಳಲ್ಲಿ ನಡೆದು ಚಂದಾ ಎತ್ತಿದರು. 1944ರಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ಜಾತಿಭೇದವನ್ನು ತೊಡೆದು ಮಾನವ ಸಮಾನತೆಯನ್ನು ಸಾರುವ ಸಮತಾ ಸಂಘವನ್ನು ಕಟ್ಟಿದರು. ಜಾತಿಯ ಮಿತಿಯೊಳಗೆ ಆಶ್ರಮವನ್ನು ಆರಂಭಿಸಿದ್ದ ಅವರ ವಿಚಾರ ಅರ್ಧ ಶತಮಾನದಲ್ಲಿ ಎಷ್ಟು ವಿಸ್ತಾರಗೊಂಡಿತೆಂಬುದಕ್ಕೆ ಈ ಸಂಘ ಸಾಕ್ಷಿ.

ಕುಟುಂಬ

ರಾಧಾಬಾಯಿಯವರ ಮಗ ರಘುನಾಥ ಕರ್ವೆಯವರು ಸಂತಾನ ನಿಯಂತ್ರಣದ ಪ್ರಚಾರದಲ್ಲಿ ದೇಶದ ಮೊದಲಿಗರಲ್ಲೊಬ್ಬರು. ಸಮಾಜಸ್ವಾಸ್ಥ್ಯ ಎಂಬ ಮರಾಠಿ ಪತ್ರಿಕೆಯನ್ನು 1927ರಿಂದ ತಮ್ಮ ಕೊನೆಯವರೆಗೂ ನಡೆಸಿದರು. ಆನಂದೀಬಾಯಿಯವರ ಮಕ್ಕಳಲ್ಲಿ ಶಂಕರ ಅವರು ಆಫ್ರಿಕಾದ ಮೊಂಬಾಸಾದಲ್ಲಿ ವೈದ್ಯರಾಗಿದ್ದರು. ದಿನಕರ ಅವರು ಫರ್ಗ್ಯುಸನ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಭಾಸ್ಕರ ಅವರು ಹಿಂಗಣೆಯ ಸಂಸ್ಥೆಗಾಗಿ ದುಡಿದರು. ದಿನಕರ ಅವರ ಪತ್ನಿ ಇರಾವತಿ ಕರ್ವೆಯವರು ಪ್ರಸಿದ್ಧ ಮಾನವಶಾಸ್ತ್ರಜ್ಞೆ, ಯುಗಾಂತ ಕೃತಿಯ ಲೇಖಕಿ. ಕೆಲಕಾಲ ಮಾವನವರು ಸ್ಥಾಪಿಸಿದ ವಿಶ್ವವಿದ್ಯಾಲಯದ ಕುಲಸಚಿವೆಯೂ ಆಗಿದ್ದರು. ಆನಂದೀಬಾಯಿಯವರು 1950ರಲ್ಲಿ ನಿಧನರಾದರು.

ಕೃತಿಗಳು

ಕರ್ವೆಯವರು ಆತ್ಮವೃತ್ತ ಎಂಬ ಹೆಸರಿನಲ್ಲಿ ಮರಾಠಿಯಲ್ಲಿ ಆತ್ಮಕಥೆ ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಲುಕಿಂಗ್ ಬ್ಯಾಕ್ ಎಂಬ ಆತ್ಮಕಥೆ 1936ರಲ್ಲಿ ಪ್ರಕಟವಾಯಿತು. ಎರಡೂ ಸರಳವಾದ, ಆಡಂಬರವಿಲ್ಲದ ಬರವಣಿಗೆಗಳು.

ಗೌರವಗಳು

ಬನಾರಸ್ ಹಿಂದೂ ವಿಶ್ವವಿದ್ಯಾಲಯ (1942), ಪುಣೆ ವಿಶ್ವವಿದ್ಯಾಲಯ (1951), ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯ (1954) ಮತ್ತು ಮುಂಬಯಿ ವಿಶ್ವವಿದ್ಯಾಲಯಗಳು (1957) ಅವರಿಗೆ ಗೌರವ ಡಾಕ್ಟರೇಟ್ ನೀಡಿದವು. 1955ರಲ್ಲಿ ಪದ್ಮವಿಭೂಷಣ, 1958ರಲ್ಲಿ ಭಾರತರತ್ನ ಪ್ರಶಸ್ತಿಗಳು ಸಂದವು. 1958ರ ಏಪ್ರಿಲ್ 18ರಂದು ಅವರ ನೂರನೆಯ ಹುಟ್ಟುಹಬ್ಬದಂದು ಭಾರತೀಯ ಅಂಚೆ ಇಲಾಖೆಯು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಬದುಕಿರುವಾಗಲೇ ಸ್ವತಂತ್ರ ಭಾರತದ ಅಂಚೆಚೀಟಿಯಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯರು ಅವರು.

ನಿಧನ ಮತ್ತು ಸ್ಮರಣೆ

ಕರ್ವೆಯವರು 1962ರ ನವೆಂಬರ್ 9ರಂದು ಪುಣೆಯಲ್ಲಿ ತಮ್ಮ 104ನೆಯ ವಯಸ್ಸಿನಲ್ಲಿ ನಿಧನರಾದರು. ಗುಡಿಸಲಿನಲ್ಲಿ ಆಶ್ರಮ ಆರಂಭವಾದ ಹಿಂಗಣೆಯ ಪ್ರದೇಶ ಇಂದು ಪುಣೆ ಮಹಾನಗರದೊಳಗೆ ಸೇರಿ ಕರ್ವೆನಗರ ಎಂಬ ಹೆಸರು ಪಡೆದಿದೆ. ಅವರು ಸಾಮಾನು ಹೊತ್ತು ನಡೆಯುತ್ತಿದ್ದ ಆ ದಿಕ್ಕಿನಲ್ಲಿ ಸಾಗುವ ಹೆದ್ದಾರಿಗೆ ಕರ್ವೆ ರಸ್ತೆ ಎಂದು ಹೆಸರಿದೆ. ಅನಾಥ ಬಾಲಿಕಾಶ್ರಮವು ಮಹರ್ಷಿ ಕರ್ವೆ ಸ್ತ್ರೀ ಶಿಕ್ಷಣ ಸಂಸ್ಥೆ ಎಂಬ ಹೆಸರಿನಲ್ಲಿ ಮುಂದುವರಿದಿದ್ದು, ಶಿಶುವಿಹಾರದಿಂದ ವೃತ್ತಿಶಿಕ್ಷಣದ ಕಾಲೇಜುಗಳವರೆಗೆ ಅನೇಕ ವಿದ್ಯಾಸಂಸ್ಥೆಗಳನ್ನು ನಡೆಸುತ್ತಿದೆ.